ಒಪ್ಪಿಗೆ ಕಲ್ಲಿನ ಪೆಟ್ಟಿಗೆ

ಬೆಂಗಳೂರು ವಿಮಾನ ನಿಲ್ದಾಣದಲ್ಲಿ ಸಾಮಾನು ಬರುವ ಪಟ್ಟಿಯ ಮುಂದೆ ಕೊನೆಗೆ ನಾನೊಬ್ಬನೇ ಉಳಿದೆ. ಉಳಿದಿದ್ದ ಒಂದು ಕೆಂಪು ಚೀಲವನ್ನು ಯಾರೋ ಹೆಂಗಸು ಎತ್ತಿಕೊಂಡು ಹೋದರು. ಪಟ್ಟಿ ಇನ್ನೆರಡು ಸುತ್ತು ಖಾಲಿ ತಿರುಗಿ ನಿಂತಿತು. ನನ್ನ ಪೆಟ್ಟಿಗೆ ಬರಲಿಲ್ಲ.

ಅದು ಜುಲೈ ತಿಂಗಳು. ನಾನು ಮೊದಲ ಸಲ ವಿಮಾನ ಹತ್ತಿದ್ದು ಹಿಂದಿನ ದಿನ, ಬಾಂಬೆಗೆ ಹೋಗುವಾಗ. ಎರಡನೇ ಸಲ ಹತ್ತಿದ್ದು ಅಂದು, ವಾಪಸು ಬರುವಾಗ. ಕಪ್ಪು ಗ್ರಾನೈಟ್ ಕ್ವಾರಿಯ ಅಳತೆ ಗುಮಾಸ್ತನನ್ನು ಯಾರೂ ಸುಮ್ಮನೆ ವಿಮಾನ ಹತ್ತಿಸುವುದಿಲ್ಲ. ನಮ್ಮ ಕಲ್ಲು ಕೊಳ್ಳುವ ವಿದೇಶಿ ಕಂಪನಿಯವನು ಒಂದೇ ದಿನದ ಮಟ್ಟಿಗೆ ಬಾಂಬೆಗೆ ಬಂದಿದ್ದ. ನಾವು ಕಳಿಸುವ ಕಲ್ಲು ಹೇಗಿರಬೇಕೆಂದು ಅವನು ಆರಿಸಿ, ಹಿಂಭಾಗದಲ್ಲಿ ಬಿಳಿ ಬಣ್ಣದಿಂದ ಸಹಿ ಹಾಕಿ ಕೊಡಬೇಕಿತ್ತು. ಒಂದಡಿ ಚೌಕದ ಮೂರು ಹಲಗೆಗಳು: ಒಂದು ಸ್ವಲ್ಪ ತಿಳಿ, ಒಂದು ನಡುವಿನದು, ಒಂದು ಕಡುಕಪ್ಪು. ಈ ಮೂರರೊಳಗೆ ಬರುವ ಕಲ್ಲನ್ನೆಲ್ಲ ಒಪ್ಪುತ್ತೇನೆ, ಹೊರಗಿನದನ್ನು ಒಪ್ಪುವುದಿಲ್ಲ ಎಂದು ಅದರ ಅರ್ಥ. ನಮ್ಮಲ್ಲಿ ಇದನ್ನು ಒಪ್ಪಿಗೆ ಕಲ್ಲು ಎನ್ನುತ್ತೇವೆ. ದಸರಾ ಕಳೆದ ಮೇಲೆ ಅವರ ಇನ್ಸ್‌ಪೆಕ್ಟರು ಕ್ವಾರಿಗೆ ಬಂದು, ಒಪ್ಪಿಗೆ ಕಲ್ಲನ್ನು ಬ್ಲಾಕಿನ ಪಕ್ಕದಲ್ಲಿ ಹಿಡಿದು, ನೀರು ಹಾಕಿ ನೋಡಿ ಪಾಸು ಮಾಡಬೇಕು. ಕಲ್ಲಿಲ್ಲದೆ ಪಾಸಿಲ್ಲ.

ನಾನು ತಂದ ಮೂರು ಹಲಗೆಗಳನ್ನು ಆ ಮನುಷ್ಯ ಬಾಂಬೆಯ ಹೋಟೆಲಿನ ಕಿಟಕಿಯ ಬೆಳಕಿನಲ್ಲಿ ನೋಡಿ ಸಹಿ ಹಾಕಿದ. ಅದೇ ಮರದ ಪೆಟ್ಟಿಗೆಯಲ್ಲಿ, ಅದೇ ಹುಲ್ಲಿನ ನಡುವೆ ಅವನ್ನು ಮತ್ತೆ ಇಟ್ಟು ನಾನು ಮೊಳೆ ಹೊಡೆದು ಗೋಣಿ ಹೊಲಿಯುವವರೆಗೂ ಎದುರಿಗೇ ಕುಳಿತಿದ್ದ. ಹೊರಗೆ ಬಾಂಬೆಯ ಮಳೆ ಸುರಿಯುತ್ತಿತ್ತು. ಟ್ಯಾಕ್ಸಿಯ ಮೇಲೆ ಹಾಕಿದ ಪೆಟ್ಟಿಗೆ ನೆನೆದು, ವಿಮಾನ ನಿಲ್ದಾಣದ ತಕ್ಕಡಿಯ ಮೇಲೆ ಇಟ್ಟಾಗ ನೀರು ತೊಟ್ಟಿಕ್ಕುತ್ತಿತ್ತು. ತೂಕ ಹತ್ತೊಂಬತ್ತು ಕಿಲೋ. ಚೀಟಿ ಕಟ್ಟಿದ ಹುಡುಗಿ ಮುಖ ಸಿಂಡರಿಸಿ ಅದನ್ನು ಒಳಗೆ ತಳ್ಳಿದಳು. ಪೆಟ್ಟಿಗೆಯನ್ನು ನಾನು ಕಂಡದ್ದು ಅದೇ ಕೊನೆ.

ಬೆಂಗಳೂರಿನಲ್ಲಿ ದೂರಿನ ಫಾರಂ ಕೊಟ್ಟರು. ಬಣ್ಣ, ಆಕಾರ, ಒಳಗೇನಿತ್ತು ಎಲ್ಲ ಬರೆದೆ. ‘ತೂಕ’ ಎಂಬ ಜಾಗದಲ್ಲಿ ಹದಿನಾರು ಕಿಲೋ ಎಂದು ಬರೆದೆ.

ಇಲ್ಲಿ ನಮ್ಮ ಕಸುಬಿನ ಒಂದು ಮಾತು ಹೇಳಬೇಕು. ಬ್ಲಾಕು ಅಳೆಯುವಾಗ ಟೇಪು ತೋರಿಸಿದ್ದನ್ನು ನಾವು ಬರೆಯುವುದಿಲ್ಲ. ಉಳಿ ಏಟು ಬಿದ್ದ ಅಂಚು, ಒಡೆದ ಮೂಲೆ, ಇವೆಲ್ಲ ಕೊಳ್ಳುವವನಿಗೆ ದಕ್ಕುವುದಿಲ್ಲವಾದ್ದರಿಂದ ಪ್ರತಿ ಬದಿಗೂ ಇಷ್ಟೆಂದು ಕಳೆದು, ಉಳಿದದ್ದನ್ನು ಮಾತ್ರ ಬರೆಯುತ್ತೇವೆ. ಮೂರು ವರ್ಷ ಅದೇ ಕೆಲಸ ಮಾಡಿದ ಕೈ ನನ್ನದು. ಫಾರಂ ತುಂಬುವಾಗಲೂ ಅದು ತಾನಾಗಿ ಪೆಟ್ಟಿಗೆಯನ್ನು ಕಳೆಯಿತು, ಹುಲ್ಲನ್ನು ಕಳೆಯಿತು, ಗೋಣಿಯನ್ನು ಕಳೆಯಿತು. ಕಲ್ಲು ಹದಿನಾರು ಕಿಲೋ ಇತ್ತು, ಹದಿನಾರು ಬರೆದೆ. ತಪ್ಪು ಬರೆದೆನೆಂದು ಆಗ ಹೊಳೆಯಲೇ ಇಲ್ಲ. ಕೌಂಟರಿನವನೂ ನೋಡದೆ ಮೊಹರು ಒತ್ತಿದ.

ಮರುದಿನ ಚಾಮರಾಜನಗರದ ಆಫೀಸಿಗೆ ಹೋದಾಗ ಮಾಲೀಕರು ನನ್ನ ಕೈ ನೋಡಿದರು.

“ಕಲ್ಲೆಲ್ಲಯ್ಯ?”

ಹೇಳಿದೆ. ಅವರು ಬಯ್ಯಲಿಲ್ಲ. ಎದ್ದುಹೋಗಿ ಕಿಟಕಿಯಾಚೆ ಉಗಿದು ಬಂದು ಕುಳಿತರು.

“ನೋಡಯ್ಯ, ಈ ಬಿಸಿನೆಸ್ಸಲ್ಲಿ ‘ಕಲ್ಲು ಕಳೆದೋಯ್ತು’ ಅನ್ನೋದು ನಮ್ಮ ತಾತನ ಕಾಲದ ಸುಳ್ಳು. ಕ್ವಾರಿಲಿ ಒಳ್ಳೆ ಕಲ್ಲು ಮುಗಿದೋದ್ರೆ ಎಲ್ರೂ ಹೇಳೋದು ಅದನ್ನೇ. ನಾನೂ ಒಂದ್ಸಲ ಹೇಳಿದ್ದೀನಿ. ಈಗ ನಿಜವಾಗಿ ಕಳೆದದೆ, ಯಾರು ನಂಬ್ತಾರೆ?”

“ಅವರ ಎದುರಿಗೇ ಮೊಳೆ ಹೊಡೆದೆ ಸಾರ್.”

“ಮೊಳೆ ಹೊಡೆದೆ ಸರಿ, ಆಮೇಲೆ ಎಲ್ಲಿಗೆ ಹೊತ್ಕೊಂಡು ಹೋದೆ ಅಂತ ಅವನು ನೋಡಿದ್ನಾ? ವಿಮಾನದೋರು ಪರಿಹಾರ ಕೊಡಬೇಕು. ದುಡ್ಡು ಎಷ್ಟಾದ್ರೂ ಕೊಡಲಿ. ‘ನಾವೇ ಕಳೆದ್ವು, ಅದಕ್ಕೆ ಪರಿಹಾರ ಕೊಟ್ವಿ’ ಅಂತ ಅವರ ಕಾಗದ ಬೇಕು. ಅದನ್ನ ತೋರಿಸಿದ್ರೆ ಇನ್ಸ್‌ಪೆಕ್ಟರು ಬಂದಾಗ ಹೊಸ ಕಲ್ಲಿಗೆ ಸಹಿ ಹಾಕ್ತಾನೆ. ದಸರಾದೊಳಗೆ ತಂದ್ರೆ ನೀನು ಇಲ್ಲಿರ್ತೀಯ. ತರದಿದ್ರೆ ಕ್ವಾರಿನೇ ಇರಲ್ಲ, ನೀನೆಲ್ಲಿ ಇರ್ತೀಯ?”

ನನಗೆ ಗುಂಡ್ಲುಪೇಟೆಯಲ್ಲಿ ಗೊಬ್ಬರದ ಅಂಗಡಿಯ ಮೇಲೆ ಒಂದು ರೂಮಿತ್ತು. ಸಂತೆಮರಹಳ್ಳಿಯ ನಮ್ಮ ಮನೆ, ಅವ್ವ ತೀರಿಕೊಂಡ ಮೇಲೆ ಅಕ್ಕನ ಪಾಲಿಗೆ ಹೋಗಿ, ಅವಳು ಅದನ್ನು ಬಾಡಿಗೆಗೆ ಕೊಟ್ಟು ಗಂಡನ ಊರಿಗೆ ಹೋಗಿದ್ದಳು. ಕ್ವಾರಿಯಲ್ಲಿ ಕೆಲಸಗಾರರು ತಮಿಳಿನಲ್ಲಿ ಮಾತಾಡಿಕೊಳ್ಳುತ್ತಿದ್ದರು. ನನ್ನೊಂದಿಗೆ ಆಡುವುದು ಅಂಕಿಗಳನ್ನು ಮಾತ್ರ. ವಾರದ ರಜೆ ಬುಧವಾರ. ಆ ದಿನ ಮೆಸ್ಸಿನಲ್ಲಿ ‘ಇನ್ನೊಂದು ಮುದ್ದೆ’ ಎಂದದ್ದು ಬಿಟ್ಟರೆ ಬಾಯಿ ಬಿಡದೆ ಮಲಗುತ್ತಿದ್ದೆ. ಅಂಥ ದಿನಗಳಿಗೆ ಡೈರಿಯ ಮೂಲೆಯಲ್ಲಿ ಒಂದು ಚುಕ್ಕೆ ಇಡುವ ಅಭ್ಯಾಸವಿತ್ತು. ಯಾಕೆ ಇಡುತ್ತಿದ್ದೆ ಎಂದು ಕೇಳಿದರೆ ಹೇಳಲಾರೆ. ಮಳೆ ಬಂದ ದಿನಕ್ಕೂ ಒಂದು ಗುರುತು ಇಡುತ್ತಿದ್ದೆ, ಹಾಗೆಯೇ ಇದೂ.

ಬುಧವಾರ ಮಧ್ಯಾಹ್ನ ಫೋನು ಮಾಡುವುದೆಂದು ನಿಶ್ಚಯಿಸಿದೆ. ಬಸ್ ಸ್ಟ್ಯಾಂಡಿನ ಬಳಿ ಎಸ್‌ಟಿಡಿ ಬೂತ್ ನಡೆಸುತ್ತಿದ್ದವರು ಕೇರಳದ ಬತ್ತೇರಿ ಕಡೆಯಿಂದ ಬಂದ ಹೆಂಗಸು. ಊರವರೆಲ್ಲ ಅವರನ್ನು ಮಲಯಾಳದಲ್ಲೇ ಚೇಚಿ, ಅಕ್ಕ, ಎನ್ನುತ್ತಿದ್ದರು; ಅವರು ಎಲ್ಲರನ್ನೂ ಮೋನೇ, ಮಗನೇ, ಎನ್ನುತ್ತಿದ್ದರು.

ಮೊದಲ ಮೂರು ಬುಧವಾರ ವಿಮಾನ ಕಂಪನಿಯ ಸಾಮಾನು ವಿಭಾಗದಿಂದ ಒಂದೇ ಗಂಡಸಿನ ದನಿ ಇಂಗ್ಲಿಷಿನಲ್ಲಿ ಒಂದೇ ಮಾತು ಹೇಳಿತು: ಹುಡುಕುತ್ತಿದ್ದೇವೆ, ಸಿಕ್ಕಿಲ್ಲ, ಮುಂದಿನ ವಾರ ಮಾಡಿ. ಹುಡುಕುವ ಅವಧಿ ಮುಗಿಯುವವರೆಗೆ ಪರಿಹಾರದ ಅರ್ಜಿ ತೆಗೆದುಕೊಳ್ಳುವುದಿಲ್ಲ ಎಂಬುದು ಅವರ ನಿಯಮ. ನಾಲ್ಕನೇ ಸಲ ಅರ್ಜಿ ಕಳಿಸಲು ಹೇಳಿ, ವಿಳಾಸ ಬರೆದುಕೊಳ್ಳುವಾಗ ದನಿ ತಡೆಯಿತು.

“ಗುಂಡ್ಲುಪೇಟಿಂದ್ಲಾ?”

ಇಂಗ್ಲಿಷು ಹಠಾತ್ತನೆ ಹೋಗಿಬಿಟ್ಟಿತ್ತು. ಹೌದು ಸಾರ್ ಎಂದೆ.

“ನಾನು ಹರವೆಯವ ಕಣಪ್ಪಾ. ಹರವೆಲಿ ಮಳ ಬಂತಾ?”

“ಗೊತ್ತಿಲ್ಲ ಸಾರ್.”

“ಗುಂಡ್ಲುಪೇಟೆಲಿ ಕುಂತ್ಕಂಡು ಹರವೆಲಿ ಮಳ ಬಂತಾ ಇಲ್ವಾ ಗೊತ್ತಿಲ್ಲ ಅಂತೀಯಲ್ಲ! ನಿನ್ ಪೆಟ್ಗ ಎಲ್ಲದ ಅಂತ ಮಾತ್ರ ಬೆಂಗ್ಳೂರಲ್ಲಿ ಕುಂತಿರ ನಂಗ ಗೊತ್ತಿರ್ಬೇಕಾ?”

ನಾನು ನಕ್ಕುಬಿಟ್ಟೆ. ಚೇಚಿ ಗಾಜಿನಾಚೆಯಿಂದ ನೋಡಿದರು. ಹೊರಗೆ ಬಂದಾಗ, “ಪೆಟ್ಟಿಗೆ ಸಿಕ್ತಾ ಮೋನೇ?” ಎಂದರು.

“ಇಲ್ಲ.”

“ಮತ್ತೆ ಯಾಕೆ ನಗೋದು? ಸಿಗದಿದ್ದಕ್ಕೂ ನಗೋ ಆಳು ನೀನೊಬ್ಬನೇ.”

ಅಂದು ಡೈರಿಗೆ ಚುಕ್ಕೆ ಇಡಲಿಲ್ಲ.

ಆಮೇಲೆ ಪ್ರತಿ ಫೋನಿನಲ್ಲೂ ಮೊದಲು ಹರವೆ, ನಂತರ ಫೈಲು. ಹೊಲದ ಕೂಳೆ ಉತ್ತಾಯ್ತಾ? ಜೋಳ ಆಳೆತ್ತರ ಬಂತಾ? ಅರಿಶಿಣಕ್ಕ ರೇಟು ಏನದ? ನನಗೆ ಗೊತ್ತಿಲ್ಲದ್ದನ್ನು ಅವರು ಬಿಡುತ್ತಿರಲಿಲ್ಲ. ಹೀಗಾಗಿ ಆಫೀಸಿಗೆ ಹೋಗುವ ದಿನಗಳಲ್ಲಿ ಬಸ್ಸಿನಲ್ಲಿ ಹರವೆ ಕಡೆಯವರ ಪಕ್ಕ ಕುಳಿತು ವಿಚಾರಿಸುತ್ತಿದ್ದೆ. ಒಂದು ಸಲ ಅವರು, ಊರ ಬಾಯಲ್ಲಿ ಒಂದು ಹುಣಸೆಮರ ಇತ್ತು, ಸಿಡಿಲು ಬಡಿದು ಅರ್ಧ ಒಣಗಿತ್ತು, ಉಳಿದರ್ಧ ಇದೆಯಾ ಎಂದು ಕೇಳಿದರು.

“ಮನೆಯವರಿಗೆ ಫೋನು ಮಾಡಿ ಕೇಳಬಹುದಲ್ವಾ ಸಾರ್?” ಎಂದೆ.

“ನಂಗ ಅಲ್ಲಿ ಯಾರೂ ಇಲ್ಲ ಕಣಪ್ಪ. ಇದ್ದಿದ್ರ ನಿನ್ನ ಯಾಕ ಕೇಳ್ತಿದ್ದೆ?” ಎಂದವರು ತಕ್ಷಣ ಇಂಗ್ಲಿಷಿಗೆ ತಿರುಗಿದರು. ಯಾರೋ ಅವರ ಮೇಜಿನ ಬಳಿ ಬಂದಿರಬೇಕು.

ಸೆಪ್ಟೆಂಬರಿನಲ್ಲಿ ವಿಮಾನ ಕಂಪನಿಯಿಂದ ರಿಜಿಸ್ಟರ್ಡ್ ಕಾಗದ ಬಂತು. ಬಾಂಬೆಯಲ್ಲಿ ಒಪ್ಪಿಸಿದ ಪೆಟ್ಟಿಗೆ ಹತ್ತೊಂಬತ್ತು ಕಿಲೋ, ಅರ್ಜಿದಾರರು ಕಳೆದುಹೋಯಿತೆನ್ನುವ ಪೆಟ್ಟಿಗೆ ಹದಿನಾರು ಕಿಲೋ, ಮೂರು ಕಿಲೋ ಏನೆಂಬುದಕ್ಕೆ ವಿವರವಿಲ್ಲ, ಆದ್ದರಿಂದ ಎರಡೂ ಒಂದೇ ಎಂದು ನಂಬಲು ಆಧಾರವಿಲ್ಲ, ಅರ್ಜಿ ತಿರಸ್ಕರಿಸಲಾಗಿದೆ. ನಾನು ಕಾಗದವನ್ನು ಮೆಟ್ಟಿಲ ಮೇಲೆ ನಿಂತೇ ಓದಿದೆ. ಕೆಳಗೆ ಗೊಬ್ಬರದ ಮೂಟೆ ಇಳಿಸುತ್ತಿದ್ದರು. ನನ್ನ ಕೈ ಕಳೆದ ಮೂರು ಕಿಲೋ ಆಗ ನೆನಪಾಯಿತು.

ಬುಧವಾರದವರೆಗೆ ಕಾಯದೆ ಫೋನು ಮಾಡಿದೆ.

“ಆ ಕಾಗ್ದ ನಾನೇ ಟೈಪ್ ಮಾಡ್ದಿ ಕಣಪ್ಪಾ,” ಎಂದಿತು ದನಿ. “ಬರಿಯಾದು ಮೇಲಿನವ್ರು, ಬೆರಳು ನಂದು. ಹತ್ತೊಂಬತ್ತಿದ್ದುದ್ದ ಹದ್ನಾರು ಅಂತ ಯಾಕ ಬರ್ದ್‌ಬುಟ್ಟೆ?”

ಕಳೆಯುವ ಪದ್ಧತಿಯನ್ನು ವಿವರಿಸಿದೆ. ಪಲ್ಸ್ ಮೀಟರಿನ ಕೆಂಪು ಅಂಕಿ ಓಡುತ್ತಲೇ ಇತ್ತು.

“ಒಳ್ಳೆ ಜನ ಕಣ್ರಯ್ಯಾ ನೀವು. ನಿಮ್ದೇ ಕಳ್ದೋದಾಗ್ಲೂ ಎದುರಿನವ್ರ ಲೆಕ್ಕಕ್ಕ ಕಳದು ಕೊಟ್ಟಿದ್ದೀರಿ. ನಾನ್ ಈಗ ಏನೂ ಹೇಳಾಕಾಗಲ್ಲ. ಮೇಲ್ಮನವಿ ಬರಿಬಹುದು. ಏನ್ ಬರಿಬೇಕು ಅಂತ ನನ್ನ ಕೇಳ್ಬೇಡ. ನಾನು ಈ ಕಡೆಯವ, ಕಂಪ್ನಿಯವ.”

ಏನು ಬರೆಯಬೇಕೆಂದು ಮಾಲೀಕರಿಗೆ ಗೊತ್ತಿತ್ತು. “ನಿನ್ ಬಟ್ಟೆ ಇತ್ತು ಅಂತ ಬರಿ. ಎರಡು ಪ್ಯಾಂಟು, ಎರಡು ಶರ್ಟು, ಒಂದು ಟವಲು, ಮೂರು ಕಿಲೋ ಆಯ್ತು. ಎಲ್ರೂ ಬರಿಯೋದೇ ಅದು.”

ಅರ್ಜಿಯನ್ನು ಆ ರಾತ್ರಿಯೇ ಹಾಗೆ ಬರೆದೂ ಬಿಟ್ಟೆ. ಬೆಳಗ್ಗೆ ಅಂಚೆಗೆ ಹಾಕಲು ಹೊರಟವನು ಪೋಸ್ಟಾಫೀಸಿನ ಗೋಂದಿನ ಬಟ್ಟಲ ಮುಂದೆ ನಿಂತುಕೊಂಡೆ. ಪೆಟ್ಟಿಗೆಗೆ ಮೊಳೆ ಹೊಡೆಯುವಾಗ ಆ ವಿದೇಶಿ ಎದುರಿಗೇ ಕುಳಿತಿದ್ದ. ಒಳಗೆ ಕಲ್ಲು ಮತ್ತು ಹುಲ್ಲು ಬಿಟ್ಟರೆ ಒಂದು ಕರವಸ್ತ್ರವೂ ಇರಲಿಲ್ಲವೆಂದು ಅವನಿಗೆ ಗೊತ್ತು. ವಿಮಾನ ಕಂಪನಿ ಕೊಡುವ ಕಾಗದವನ್ನು ತೋರಿಸಬೇಕಾದದ್ದು ಆ ವಿದೇಶಿಯ ಕಡೆಯವರಿಗೇ. ಅದರಲ್ಲಿ ‘ಕಲ್ಲು ಮತ್ತು ಬಟ್ಟೆ’ ಎಂದಿದ್ದರೆ, ನಿಜವಾಗಿ ಕಳೆದದ್ದನ್ನು ನಾನೇ ಸುಳ್ಳು ಮಾಡಿ ಕೊಟ್ಟಂತಾಗುತ್ತದೆ. ಅರ್ಜಿಯನ್ನು ಮಡಚಿ ಜೇಬಿಗೆ ಹಾಕಿಕೊಂಡೆ. ಮೂರು ಕಿಲೋ ಮರ, ಹುಲ್ಲು, ಗೋಣಿ ಎಂಬುದನ್ನು ತೂಗಿಯೇ ತೋರಿಸಬೇಕು. ಅಂಥದೇ ಇನ್ನೊಂದು ಪೆಟ್ಟಿಗೆ ಮಾಡಿಸಬೇಕು.

ಮೊದಲನೆಯದನ್ನು ಮಾಡಿದ ಬಡಗಿ ಗುಂಡ್ಲುಪೇಟೆಯವನೇ. ಅಳತೆ ಅವನ ಗೋಡೆಯ ಮೇಲೆ ಪೆನ್ಸಿಲಿನಲ್ಲಿ ಇನ್ನೂ ಇತ್ತು.

“ಅದೇ ಸಿಲ್ವರ್ ಓಕ್ ಮರ, ಅದೇ ಮೊಳೆ. ಇದ್ನೂ ಕಳೀತೀರಾ ಸಾ?” ಎಂದ.

“ಇಲ್ಲಪ್ಪಾ, ಇದನ್ನ ತೂಗೋಕೆ.”

“ಖಾಲಿ ಪೆಟ್ಗ ತೂಗಾಕ ಮಾಡಿಸ್ತೀರಾ? ದುಡ್ಡ ಮೊದ್ಲೇ ಕೊಟ್‌ಬುಡಿ.”

ತಿಳಿ, ನಡು, ಕಡುಕಪ್ಪು, ಕಲ್ಲಿನ ಮೂರು ಹಲಗೆಗಳನ್ನು ಅದೇ ಅಳತೆಗೆ ಕೊಯ್ಯಿಸಿದೆ. ಹುಲ್ಲು ಬೇಕಿತ್ತು. ಮೊದಲ ಸಲ ರಾಗಿ ಹುಲ್ಲು ಹಾಕಿದ್ದೆವು, ಕ್ವಾರಿಯ ಶೆಡ್ಡಿನಲ್ಲಿದ್ದದ್ದು ಮುಗಿದಿತ್ತು. ಹುಣಸೆಮರ ನೋಡಿ ಬರಬೇಕೆಂಬ ಮಾತು ಹೇಗೂ ಬಾಕಿ ಇತ್ತು. ಆ ಬುಧವಾರ ಹರವೆಗೆ ಹೋದೆ. ಮರ ಇತ್ತು. ಒಣಗಿದ ಅರ್ಧವನ್ನು ಕಡಿದಿದ್ದರು, ಉಳಿದರ್ಧ ಒಂದೇ ಕಡೆಗೆ ವಾಲಿ ಕಾಯಿ ಬಿಟ್ಟಿತ್ತು. ಅದರಾಚೆ ಒಂದು ಹಳೆಯ ಹುಲ್ಲಿನ ಮೆದೆ. ಹಸುವಿಗೆ ಹುಲ್ಲು ಹಿರಿಯುತ್ತಿದ್ದ ಹೆಂಗಸನ್ನು ಒಂದು ಹೊರೆ ಕೇಳಿದೆ.

“ಎಷ್ಟ್ ದನ ಕಟ್ಟೀಯಪ್ಪಾ?”

“ದನ ಇಲ್ಲ ಕಣಕ್ಕ, ಕಲ್ಲಿಗೆ ಹಾಕೋಕೆ.”

ಆಕೆ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. “ಕಲ್ಲು ಹುಲ್ಲ ತಿಂದದಾ? ಬುಡು, ತಕಂಡೋಗು. ನಿನ್ನ ನೋಡುದ್ರ ನೀನೂ ಉಂಡಂಗ ಕಾಣಲ್ಲ,” ಎಂದು ದುಡ್ಡು ತೆಗೆದುಕೊಳ್ಳದೆ ಕೊಟ್ಟಳು. ಗುಂಡ್ಲುಪೇಟೆಯ ಬಸ್ಸಿನಲ್ಲಿ ಕಂಡಕ್ಟರು ಹುಲ್ಲಿಗೆ ಲಗೇಜು ಹಾಕಿದ.

ತೂಕಕ್ಕೆ ಸರ್ಕಾರಿ ಮೊಹರಿನ ತಕ್ಕಡಿಯೇ ಬೇಕು, ಅಂಗಡಿ ತಕ್ಕಡಿ ನಡೆಯುವುದಿಲ್ಲ. ಚಾಮರಾಜನಗರದ ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ಹರಾಜು ಮುಗಿಯುವವರೆಗೆ ಕಾದೆ. ಗೂಡಿನ ವಾಸನೆ ತುಂಬಿದ ಆ ದೊಡ್ಡ ಹಾಲಿನಲ್ಲಿ ಬಿದಿರ ತಟ್ಟೆಗಳನ್ನು ಗುಡಿಸುತ್ತಿದ್ದರು. ತೂಕದ ಗುಮಾಸ್ತರು ಪೆಟ್ಟಿಗೆಯನ್ನು ಬಡಿದು, “ಏನಪ್ಪಾ, ಇದ್ರಲ್ಲಿ ಯಾವ ಹುಳ ಸಾಕಿದ್ದೀಯ?” ಎಂದರು. ಕಥೆ ಕೇಳಿದ ಮೇಲೆ ಚೀಟಿಯಲ್ಲಿ ಬರೆದು ಸಹಿ ಹಾಕಿಕೊಡಲು ಒಪ್ಪಿದರು.

ಕಲ್ಲು ಹದಿನಾರು. ಎಲ್ಲ ಸೇರಿ ಹದಿನೆಂಟು ಕಾಲು.

ಬಾಂಬೆಯ ತೂಕಕ್ಕಿಂತ ಮುಕ್ಕಾಲು ಕಿಲೋ ಕಡಿಮೆ. ಮತ್ತೆ ತೂಗಿಸಿದೆ. ಅಷ್ಟೇ ಬಂತು. “ಕಾಲು ಕಡಿಮೆ ಆಗಿದ್ರೆ ನಮ್ಮ ತಕ್ಕಡಿ ಮೇಲೆ ಹಾಕಬಹುದಿತ್ತು, ಮುಕ್ಕಾಲು ನಿನ್ನದೇ,” ಎಂದರು ಗುಮಾಸ್ತರು. ಹದಿನೆಂಟು ಕಾಲು ಎಂದು ಬರೆದ ಚೀಟಿ ಹಿಡಿದು ಹೋದರೆ ಕಂಪನಿಯವರು ಇನ್ನೂ ಗಟ್ಟಿಯಾಗಿ ಇಲ್ಲವೆನ್ನುತ್ತಾರೆ. ಪೆಟ್ಟಿಗೆಯನ್ನು ಬಸ್ಸಿನ ಮೇಲೆ ಹಾಕಿಸಿ ರೂಮಿಗೆ ತಂದೆ. ಮಹಡಿಗೆ ಹೊರುವ ಮನಸ್ಸಾಗದೆ ಮೆಟ್ಟಿಲ ಕೆಳಗೇ ಬಿಟ್ಟು ಮಲಗಿದೆ. ಆ ಕೋಣೆಯಲ್ಲಿ ಅಷ್ಟು ಒಂಟಿಯೆನಿಸಿದ್ದು ಅವ್ವ ಹೋದ ವರ್ಷ ಬಿಟ್ಟರೆ ಆ ರಾತ್ರಿಯೇ. ಹೇಳಿಕೊಳ್ಳಲು ಯಾರೂ ಇಲ್ಲ ಎಂಬುದಲ್ಲ. ಹೇಳಿಕೊಂಡರೆ ಕೇಳುವ ಒಬ್ಬ ಮನುಷ್ಯ ಇದ್ದ, ಅವನು ‘ಆ ಕಡೆಯವ’.

ಮಳೆ ಬಂದದ್ದು ಗೊತ್ತಾಗಲಿಲ್ಲ. ಬೆಳಗ್ಗೆ ಇಳಿದಾಗ ಸೂರಿನ ನೀರು ಬಿದ್ದು ಗೋಣಿ ಕಪ್ಪಾಗಿತ್ತು. ಎತ್ತಿ ಪಕ್ಕಕ್ಕಿಡಲು ಹೋದೆ. ನಿನ್ನೆಯ ಭಾರವಲ್ಲ ಅದು. ಬಾಂಬೆಯ ತಕ್ಕಡಿಯ ಮೇಲೆ ತೊಟ್ಟಿಕ್ಕುತ್ತಿದ್ದ ನೀರು ನೆನಪಾಯಿತು.

ಅದೇ ದಿನ ಪೆಟ್ಟಿಗೆಯನ್ನು ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿ ಮತ್ತೆ ಮಾರುಕಟ್ಟೆಗೆ ಹೋದೆ. ಹತ್ತೊಂಬತ್ತಕ್ಕೆ ನೂರು ಗ್ರಾಂ ಕಡಿಮೆ. ಗುಮಾಸ್ತರು, “ಸಾಕಲ್ಲ, ಹತ್ತೊಂಬತ್ತು ಅಂತ ಬರೆಯಲಾ?” ಎಂದರು. ಬೇಡ ಎಂದೆ. ಒಣಗಿದ್ದಾಗ ಎಷ್ಟು, ನೆನೆದಾಗ ಎಷ್ಟು, ಎರಡನ್ನೂ ಇದ್ದ ಹಾಗೆ ಬರೆಸಿಕೊಂಡೆ. ಈ ಸಲ ಏನನ್ನೂ ಕಳೆಯಲಿಲ್ಲ, ಕೂಡಿಸಲೂ ಇಲ್ಲ.

ಅಂಚೆಯಲ್ಲಿ ಕಳಿಸುವ ವಸ್ತುವಲ್ಲ ಅದು. ಅಕ್ಟೋಬರಿನ ಮೊದಲ ಬುಧವಾರ ಪೆಟ್ಟಿಗೆಯೊಂದಿಗೆ ಬೆಂಗಳೂರಿಗೆ ಹೊರಟೆ. ದಸರಾ ಹತ್ತಿರವಿತ್ತು. ದಾರಿಯುದ್ದಕ್ಕೂ ಅರ್ಜಿಗಿಂತ ಹೆಚ್ಚಾಗಿ ಹುಣಸೆಮರದ ಮಾತನ್ನು ಹೇಗೆ ಹೇಳಬೇಕೆಂದು ಯೋಚಿಸುತ್ತಿದ್ದೆ.

ಸಾಮಾನು ವಿಭಾಗದ ಕೋಣೆ ಚಿಕ್ಕದು. ಎರಡು ಮೇಜು. ದೊಡ್ಡದರ ಹಿಂದೆ ಮೇಲಧಿಕಾರಿ, ನನಗಿಂತ ಐದಾರು ವರ್ಷಕ್ಕೆ ದೊಡ್ಡವನಿರಬಹುದು. ಚಿಕ್ಕದರ ಹಿಂದೆ ನರೆತ ತಲೆಯ, ಸಣ್ಣ ಆಳು; ಕಂಪನಿಯ ಟೈ ಕತ್ತಿಗೆ ದೊಡ್ಡದಾಗಿತ್ತು. ಹೆಸರು, ಫೈಲು ನಂಬರು ಹೇಳಿದೆ. ಆತ ತಲೆಯೆತ್ತಿ ಇಂಗ್ಲಿಷಿನಲ್ಲಿ, “ದಯವಿಟ್ಟು ಕುಳಿತುಕೊಳ್ಳಿ,” ಎಂದರು. ಅದೇ ದನಿ. ಕಣ್ಣಲ್ಲಿ ಗುರುತಿನ ಒಂದು ಎಳೆಯೂ ಇರಲಿಲ್ಲ.

ಮೇಲಧಿಕಾರಿ ಚೀಟಿಗಳನ್ನು ಓದಿದ. ಪೆಟ್ಟಿಗೆಯನ್ನು ಅವರದೇ ತಕ್ಕಡಿಯಲ್ಲಿ ತೂಗಿಸಿದ. ದಾರಿಯಲ್ಲಿ ಒಣಗಿ ಹದಿನೆಂಟು ಕಾಲಿಗೇ ಬಂದಿತ್ತು. ನಾನು ಗೋಣಿಗೆ ನೀರು ಹಾಕಲು ಅಪ್ಪಣೆ ಕೇಳಿದೆ. ಅವನಿಗೆ ನಗು ಬಂತು, ಆದರೂ ಜವಾನನಿಂದ ಒಂದು ಬಕೆಟ್ ತರಿಸಿದ. ಕಾರಿಡಾರಿನಲ್ಲಿ ನೀರು ಸುರಿದು, ತೊಟ್ಟಿಕ್ಕುವಾಗಲೇ ತಕ್ಕಡಿಗೆ ಇಟ್ಟೆವು. ಮುಳ್ಳು ಹತ್ತೊಂಬತ್ತರಲ್ಲಿ ನಿಂತಿತು.

“ಆ ದಿನ ಬಾಂಬೆಯಲ್ಲಿ ಮಳೆ ಇತ್ತೇ?” ಎಂದು ಅವನು ಚಿಕ್ಕ ಮೇಜಿನವರನ್ನು ಕೇಳಿದ.

“ಇತ್ತು ಸರ್. ಆ ದಿನದ ವಿಮಾನಗಳು ಮಳೆಯಿಂದ ತಡವಾದ ದಾಖಲೆ ಫೈಲಿನಲ್ಲಿದೆ,” ಎಂದರು ಅವರು, ಕೇಳುವ ಮೊದಲೇ ಆ ಪುಟವನ್ನು ತೆರೆದು ಹಿಡಿದಿದ್ದರು.

ಅರ್ಧ ಗಂಟೆಯಲ್ಲಿ ಮುಗಿಯಿತು. ಪೆಟ್ಟಿಗೆ ಕಳೆದದ್ದನ್ನು ಒಪ್ಪಿ ಕಿಲೋ ಲೆಕ್ಕದಲ್ಲಿ ಪರಿಹಾರ ಕೊಡುವುದಾಗಿ ಹೇಳಿದರು. ಕಾಗದದಲ್ಲಿ ‘ಗ್ರಾನೈಟ್ ಹಲಗೆ ಮೂರು, ಪ್ಯಾಕಿಂಗ್ ಸಮೇತ’ ಎಂದು ಬರೆಯಬೇಕೆಂದು ಕೇಳಿಕೊಂಡೆ. ಚಿಕ್ಕ ಮೇಜಿನವರು ಟೈಪು ಮಾಡಿದರು. ಆ ಬೆರಳುಗಳನ್ನು ನೋಡುತ್ತ ಕುಳಿತಿದ್ದೆ.

ಪೆಟ್ಟಿಗೆ ಎತ್ತಿಕೊಂಡು ಗೇಟಿನ ಬಳಿ ಬಂದಿದ್ದೆ, ಹಿಂದಿನಿಂದ ಓಡಿಬಂದ ಹೆಜ್ಜೆ ಕೇಳಿಸಿತು.

“ಇಳ್ಸು ಇಳ್ಸು. ಅವ್ನ ಮುಂದ ಮಾತಾಡ್ಸಾಕಾಗಲ್ಲ ಕಣಪ್ಪಾ. ಊರವ್ನಿಗ ಮಾಡ್ಕೊಟ್ಟ ಅಂದುಬುಟ್ರ ನಿನ್ ಫೈಲೂ ಹೋಯ್ತದ, ನಾನೂ ಹೋಯ್ತೀನಿ.” ಏದುಸಿರು ಬಿಡುತ್ತಿದ್ದರು. ಬಿರುಕಿನಿಂದ ಇಣುಕುತ್ತಿದ್ದ ಹುಲ್ಲನ್ನು ನೋಡಿ, “ಇದ್ಯಾವ್ ಹುಲ್ಲು?” ಎಂದರು.

“ಹರವೆದು ಸಾರ್. ಹುಣಸೆಮರದ ಪಕ್ಕದ ಮೆದೆದು.”

“ಮರ ಅದಾ?”

“ಅರ್ಧ ಅದೆ. ಕಾಯಿ ಬಿಟ್ಟದೆ.”

ಅವರು ಒಂದು ಎಳೆ ಹುಲ್ಲನ್ನು ಹಿರಿದು ಹಲ್ಲಿನ ನಡುವೆ ಇಟ್ಟು ಕಡಿದರು. ಟೈ ಸರಿಮಾಡಿಕೊಂಡು ಒಳಗೆ ಹೋದರು. ಹುಲ್ಲು ಬಾಯಲ್ಲೇ ಇತ್ತು.

ಇನ್ಸ್‌ಪೆಕ್ಟರು ನವೆಂಬರಿನಲ್ಲಿ ಬಂದ. ಕಾಗದವನ್ನು ಎರಡು ಸಲ ಓದಿ, “ಪ್ಯಾಕಿಂಗ್ ಸಮೇತ” ಎಂಬಲ್ಲಿ ಬೆರಳಿಟ್ಟು ತಲೆಯಾಡಿಸಿದ. ಎರಡನೇ ಪೆಟ್ಟಿಗೆಯಲ್ಲಿದ್ದ ಮೂರು ಹಲಗೆಗಳನ್ನೇ ಬ್ಲಾಕುಗಳ ಪಕ್ಕ ಹಿಡಿದು ನೋಡಿ ಸಹಿ ಹಾಕಿದ. ಮಾಲೀಕರು ಎಲ್ಲರಿಗೂ ಬಿರಿಯಾನಿ ಹಾಕಿಸಿದರು. ಪರಿಹಾರದ ಚೆಕ್ಕು ನನ್ನ ಹೆಸರಿಗೆ ಬಂದಿತ್ತು. ಅವರು ಅದನ್ನು ನೋಡಿ ನಕ್ಕು, “ಹುಲ್ಲಿಗೂ ನೀರಿಗೂ ಸೇರಿಸಿ ಕೊಟ್ಟವ್ರೆ, ನೀನೇ ಇಟ್ಕೊಳ್ಳಯ್ಯ,” ಎಂದರು. ಸಂಬಳದ ಖಾತೆಗೆ ಹಾಕಿದೆ. ಕೆಲಸ ಉಳಿಯಿತು.

ಅದರ ಮುಂದಿನ ಬುಧವಾರ ಊಟ ಮಾಡಿ ಬೂತಿಗೆ ಹೋದೆ. ಚೇಚಿ ಕೇಳದೆ ಬಾಗಿಲು ತೆರೆದರು. ರಿಸೀವರು ಎತ್ತಿದ ಮೇಲೆ ಹೊಳೆಯಿತು, ಫೈಲು ಮುಚ್ಚಿದೆ. ಆ ಕೋಣೆಯಲ್ಲಿ ಮೇಲಧಿಕಾರಿ ಇರುತ್ತಾನೆ, ಅವರು ಫೈಲು ನಂಬರು ಕೇಳುತ್ತಾರೆ, ಹೇಳಲು ನನ್ನಲ್ಲಿ ನಂಬರಿಲ್ಲ. ಇಟ್ಟುಬಿಟ್ಟೆ.

“ಯಾರೂ ಎತ್ತಲಿಲ್ಲವಾ?” ಎಂದರು ಚೇಚಿ.

“ಮಾಡಲಿಲ್ಲ.”

ಅವರು ಚಿಲ್ಲರೆ ಡಬ್ಬಿ ಮುಚ್ಚಿ ಪತ್ರಿಕೆ ಓದತೊಡಗಿದರು. ಡಿಸೆಂಬರು, ಜನವರಿ ಹಾಗೇ ಹೋದವು. ಹರವೆಯಲ್ಲಿ ರಾಗಿ ಒಕ್ಕಣೆ ಚೆನ್ನಾಗಿ ಆಯಿತೆಂದು ಬಸ್ಸಿನಲ್ಲಿ ಕೇಳಿದೆ. ಆ ಸುದ್ದಿಯನ್ನು ಇಟ್ಟುಕೊಂಡು ಏನು ಮಾಡಬೇಕೆಂದು ತಿಳಿಯಲಿಲ್ಲ. ಡೈರಿಯ ಮೂಲೆಯಲ್ಲಿ ಚುಕ್ಕೆಗಳು ಮತ್ತೆ ಬಂದವು. ಎರಡನೇ ಪೆಟ್ಟಿಗೆಯನ್ನು ರೂಮಿಗೆ ತಂದು, ಮೇಲೆ ದೀಪ ಇಟ್ಟುಕೊಂಡು ಬರೆಯುತ್ತಿದ್ದೆ. ಒಳಗಿನ ಹುಲ್ಲನ್ನು ತೆಗೆದಿರಲಿಲ್ಲ.

ಫೆಬ್ರವರಿಯ ಒಂದು ಮಧ್ಯಾಹ್ನ ಚೇಚಿ ಗೊಬ್ಬರದ ಅಂಗಡಿಯ ಮುಂದೆ ನಿಂತು ಕೂಗಿದರು. “ಮೋನೇ! ನಿನಗೆ ಫೋನು! ಬೆಂಗಳೂರು! ಹೋಲ್ಡ್ ಮಾಡಿದ್ದಾರೆ, ಓಡು!”

ಆ ಊರಿನಲ್ಲಿ ನನಗೆ ಫೋನು ಬಂದದ್ದು ಅದೇ ಮೊದಲು. ಅರ್ಜಿಯ ಮೇಲೆ ಬೂತಿನ ನಂಬರು ಬರೆದಿದ್ದೆನೆಂಬುದೇ ಮರೆತಿತ್ತು. ಚಪ್ಪಲಿ ಇಲ್ಲದೆ ಓಡಿದೆ.

“ಎಲ್ಲೋಗಿದ್ದೆಲಾ ಇಷ್ಟ್ ದಿನ?” ಎಂದಿತು ದನಿ, ನಾನೇ ಕಳೆದುಹೋಗಿದ್ದವನಂತೆ. “ನಿನ್ ಪೆಟ್ಗ ಸಿಕ್ಕದ. ಕೊಚ್ಚಿ ಗೋಡೌನ್ಲಿ ಬಿದ್ದಿತ್ತು. ನೆಂದು ಚೀಟಿ ಹರ್ದೋಗದ. ಮೂರು ಕಲ್ಲು, ಹಿಂದ್ಗಡ ಬಿಳಿ ಸಹಿ. ನಿಂದೇಯಾ?”

“ನನ್ನದೇ ಸಾರ್.” ಇನ್ನು ಆ ಕಲ್ಲು ಯಾರಿಗೂ ಬೇಡವೆಂದು ಹೇಳಲಿಲ್ಲ.

“ಹಂಗಾದ್ರ ಕೇಳು. ಸಾಮಾನು ಸಿಕ್ಕುದ್ರ ಪರಿಹಾರ ವಾಪಸ್ ಕಟ್ಟಬೇಕು. ಅದ್ಕ ಒಂದ್ ಅರ್ಜಿ. ಕೊಚ್ಚಿಯಿಂದ ತರ್ಸಾಕ ಒಂದ್ ಅರ್ಜಿ. ಇಲ್ಲಿ ತೂಗಿ ನೋಡ್ಬೇಕು. ಫೈಲ ಮತ್ತ ತಗದೀನಿ.” ಸ್ವಲ್ಪ ತಡೆದು, “ರಾಗಿ ಹೆಂಗಾಯ್ತು ನಮ್ಮೂರಲ್ಲಿ?” ಎಂದರು.

ಹೇಳಿದೆ. ಯಾವ ಹೊಲದಲ್ಲಿ ಹೇಗೆ, ಮಳೆ ಯಾವಾಗ ನಿಂತದ್ದು, ಬಸ್ಸಿನಲ್ಲಿ ಕೇಳಿ ಇಟ್ಟುಕೊಂಡದ್ದನ್ನೆಲ್ಲ ಹೇಳಿದೆ. ಅವರು ಹ್ಞೂಂಗುಟ್ಟುತ್ತ ಕೇಳಿದರು. ಆಮೇಲೆ ದನಿ ಇದ್ದಕ್ಕಿದ್ದಂತೆ ಇಂಗ್ಲಿಷಿಗೆ ತಿರುಗಿ, ದಯವಿಟ್ಟು ಬುಧವಾರ ಕರೆ ಮಾಡಿ ವಿಚಾರಿಸಿ ಎಂದಿತು.

ಹೊರಗೆ ಬಂದಾಗ ಚೇಚಿ, “ಕೊಚ್ಚಿಗಾ ಹೋಗಿತ್ತು ಪೆಟ್ಟಿಗೆ? ನಮ್ಮ ನಾಡು ನೋಡೋಕೆ ಹೋಗಿದೆ ಬಿಡು,” ಎಂದು ನಕ್ಕರು. “ಎಷ್ಟು ದಿನ ಆಗತ್ತಂತೆ ಬರೋಕೆ?”

ಅದನ್ನು ನಾನು ಕೇಳಿರಲಿಲ್ಲ.